ದ್ವಿಚಕ್ರ ವಾಹನ ಅಪಘಾತ: ಗಾಯಾಳು ಹೆಲ್ಮೆಟ್ ಧರಿಸದಿದ್ದಲ್ಲಿ ಪರಿಹಾರದ ಹಕ್ಕು

ಮೋಟಾರು ಸೈಕಲ್ ಅಥವಾ ಸ್ಕೂಟರ್ ಅಪಘಾತದಲ್ಲಿ ಗಾಯಗೊಂಡ ವ್ಯಕ್ತಿಯು ಆ ಸಮಯದಲ್ಲಿ ಹೆಲ್ಮೆಟ್ ಧರಿಸಿರಲಿಲ್ಲವಾದರೆ ಆತನಿಗೆ ಪರಿಹಾರವೇ ದೊರೆಯುವುದಿಲ್ಲ ಎಂಬ ಅಭಿಪ್ರಾಯವು ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಈ ಅಭಿಪ್ರಾಯದ ಕಾರಣದಿಂದ ಅರ್ಜಿಯನ್ನೇ ಸಲ್ಲಿಸದೆ ಬಿಟ್ಟವರೂ, ಸಲ್ಲಿಸಿದ ನಂತರ ಎದುರು ಪಕ್ಷದವರು ಹೇಳಿದ ಅಲ್ಪ ಮೊತ್ತಕ್ಕೆ ಒಪ್ಪಿ ಸಹಿ ಹಾಕಿದವರೂ ಇದ್ದಾರೆ. ಸದರಿ ಅಭಿಪ್ರಾಯಕ್ಕೆ ಕಾನೂನಿನಲ್ಲಿ ಆಧಾರವಿರುವುದಿಲ್ಲ. ಆದರೆ ಹೆಲ್ಮೆಟ್ ಧರಿಸದಿದ್ದುದರಿಂದ ಪರಿಹಾರದ ಮೊತ್ತಕ್ಕೆ ಯಾವ ಬಾಧೆಯೂ ಇಲ್ಲವೆಂದು ಹೇಳುವುದೂ ಸರಿಯಾಗುವುದಿಲ್ಲ. ಯಾವ ಸಂದರ್ಭದಲ್ಲಿ ಕಡಿತಕ್ಕೆ ಅವಕಾಶವಿದೆ, ಯಾವ ಸಂದರ್ಭದಲ್ಲಿ ಇಲ್ಲ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹೆಲ್ಮೆಟ್ ಕುರಿತ ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 129ನೇ ಕಲಮಿನಂತೆ ದ್ವಿಚಕ್ರ ವಾಹನವನ್ನು ಚಲಾಯಿಸುವವರು ಹಾಗೂ ಅದರಲ್ಲಿ ಪ್ರಯಾಣಿಸುವ ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರೂ ನಿಗದಿತ ಗುಣಮಟ್ಟದ ಶಿರಸ್ತ್ರಾಣವನ್ನು ಧರಿಸತಕ್ಕದ್ದು. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯವಾಗಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳ ಸುರಕ್ಷತೆಗೆ ಕೇಂದ್ರ ಸರ್ಕಾರವು 2022ರಲ್ಲಿ ಪ್ರತ್ಯೇಕ ನಿಯಮವನ್ನು ರೂಪಿಸಿದ್ದು, ಅದರಂತೆ ಮಗುವಿಗೆ ಹೆಲ್ಮೆಟ್ ಮತ್ತು ಸುರಕ್ಷಾ ಪಟ್ಟಿ ಇರಬೇಕು, ವಾಹನದ ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು.

ಕಲಂ 129ರ ವಿವರಣೆಯಲ್ಲಿ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು ಎಂಬ ಮಾತೂ ಸೇರಿದೆ. ಪಟ್ಟಿ ಕಟ್ಟದೆ ತಲೆಯ ಮೇಲಿಟ್ಟುಕೊಂಡ ಹೆಲ್ಮೆಟ್, ಪೆಟ್ರೋಲ್ ಟ್ಯಾಂಕಿನ ಮೇಲಿರಿಸಿಕೊಂಡ ಹೆಲ್ಮೆಟ್, ತೋಳಿಗೆ ತೂಗುಹಾಕಿಕೊಂಡ ಹೆಲ್ಮೆಟ್ ಇವು ಯಾವುವೂ ಕಾನೂನಿನ ದೃಷ್ಟಿಯಲ್ಲಿ ಧರಿಸಿದ ಹೆಲ್ಮೆಟ್ ಆಗುವುದಿಲ್ಲ. 2021ರ ಜೂನ್ 1ರಿಂದ ಐ.ಎಸ್. 4151 ಮಾನದಂಡದ ಐ.ಎಸ್.ಐ. ಗುರುತು ಇಲ್ಲದ ದ್ವಿಚಕ್ರ ವಾಹನ ಹೆಲ್ಮೆಟ್‌ಗಳ ತಯಾರಿಕೆ ಮತ್ತು ಮಾರಾಟಕ್ಕೆ ದೇಶದಲ್ಲಿ ಅನುಮತಿ ಇರುವುದಿಲ್ಲ.

ಉಲ್ಲಂಘನೆಗೆ 194-ಡಿ ಕಲಮಿನಡಿ 1,000 ರೂಪಾಯಿ ದಂಡ ಮತ್ತು ಮೂರು ತಿಂಗಳ ಕಾಲ ಚಾಲನಾ ಪರವಾನಗಿಯ ಅನರ್ಹತೆ ಇದೆ. ಸ್ಥಳದಲ್ಲಿಯೇ ರಾಜಿ ಮಾಡಿಕೊಳ್ಳುವ ದಂಡದ ಮೊತ್ತವನ್ನು ಕರ್ನಾಟಕ ಸರ್ಕಾರವು 2019ರ ಸೆಪ್ಟೆಂಬರ್‌ನಲ್ಲಿ 500 ರೂಪಾಯಿಗೆ ಇಳಿಸಿತು. ಈ ದಂಡವು ಸರ್ಕಾರ ಮತ್ತು ಸವಾರನ ನಡುವಿನ ವಿಷಯ. ಗಾಯಾಳುವಿಗೆ ಡಿಕ್ಕಿ ಹೊಡೆದ ವಾಹನದ ಚಾಲಕ, ಮಾಲೀಕ ಮತ್ತು ಅವರ ವಿಮಾ ಸಂಸ್ಥೆಯು ಕೊಡಬೇಕಾದ ಪರಿಹಾರವು ಬೇರೆಯೇ ಲೆಕ್ಕ. ಎರಡನ್ನೂ ಬೆರೆಸಿ ನೋಡುವುದರಿಂದಲೇ ಮೇಲೆ ಹೇಳಿದ ತಪ್ಪು ಅಭಿಪ್ರಾಯ ಹುಟ್ಟಿರುವಂತೆ ಕಾಣುತ್ತದೆ.

ಅಪಘಾತಕ್ಕೆ ಕಾರಣ ಬೇರೆ, ಗಾಯಕ್ಕೆ ಕಾರಣ ಬೇರೆ

ಕಲಂ 166ರ ಅಡಿಯಲ್ಲಿ ಸಲ್ಲಿಸುವ ಅರ್ಜಿಯಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ಮೊದಲು ಪರಿಶೀಲಿಸುವ ಪ್ರಶ್ನೆ, ಅಪಘಾತವು ಯಾರ ನಿರ್ಲಕ್ಷ್ಯದಿಂದ ಸಂಭವಿಸಿತು ಎಂಬುದು. ಗಾಯಾಳುವಿನದೂ ಒಂದು ಪಾಲು ತಪ್ಪಿದ್ದಲ್ಲಿ ಆ ಪಾಲಿನಷ್ಟು ಪರಿಹಾರವನ್ನು ಕಡಿತಗೊಳಿಸಲಾಗುತ್ತದೆ. ವಕೀಲರು ‘ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್’ ಎಂದು ಕರೆಯುವ ಇದನ್ನು ಸಹ-ನಿರ್ಲಕ್ಷ್ಯ ಎನ್ನಬಹುದು. ತಿರುವಿನಲ್ಲಿ ಬಲಬದಿಗೆ ನುಗ್ಗಿದ ಸವಾರ, ದೀಪವಿಲ್ಲದೆ ರಾತ್ರಿ ಸಂಚರಿಸಿದ ಸವಾರ, ಸಿಗ್ನಲ್ ದಾಟಿ ಬಂದ ಸವಾರ ಇವರು ಅಪಘಾತ ಸಂಭವಿಸುವುದಕ್ಕೇ ತಮ್ಮ ಪಾಲು ಸೇರಿಸಿದವರು.

ಹೆಲ್ಮೆಟ್ ಇಲ್ಲದಿರುವುದು ಈ ಗುಂಪಿಗೆ ಸೇರುವುದಿಲ್ಲ. ಹಿಂದಿನಿಂದ ಬಂದ ಲಾರಿಯು ಸ್ಕೂಟರಿಗೆ ಡಿಕ್ಕಿ ಹೊಡೆದರೆ, ಸವಾರನ ತಲೆಯ ಮೇಲೆ ಹೆಲ್ಮೆಟ್ ಇದ್ದರೂ ಡಿಕ್ಕಿ ಆಗುತ್ತಿತ್ತು, ಇಲ್ಲದಿದ್ದರೂ ಆಗುತ್ತಿತ್ತು. ಹೆಲ್ಮೆಟ್‌ಗೆ ಸಂಬಂಧವಿರುವುದು ಡಿಕ್ಕಿಯ ನಂತರದ ಪರಿಣಾಮಕ್ಕೆ, ಅದರಲ್ಲಿಯೂ ತಲೆಗೆ ಮತ್ತು ಸ್ವಲ್ಪಮಟ್ಟಿಗೆ ಮುಖಕ್ಕೆ ಆಗುವ ಗಾಯಕ್ಕೆ ಮಾತ್ರ. ಇಂಗ್ಲೆಂಡಿನ ನ್ಯಾಯಾಲಯಗಳು 1970ರ ದಶಕದಲ್ಲಿಯೇ ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ಪ್ರಕರಣಗಳಲ್ಲಿ ಅಪಘಾತದ ಕಾರಣ ಮತ್ತು ಹಾನಿಯ ಕಾರಣ ಎಂಬ ಈ ಭೇದವನ್ನು ಮಾಡಿದ್ದವು.

ಭಾರತದಲ್ಲಿ ಈ ವಿಷಯಕ್ಕೆ ಮಾರ್ಗದರ್ಶಿಯಾಗಿರುವುದು ಸರ್ವೋಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ ನೀಡಿದ ತೀರ್ಪು. 2008ರಲ್ಲಿ ಒಂದೇ ಮೋಟಾರು ಸೈಕಲಿನಲ್ಲಿ ಮೂವರು ಪ್ರಯಾಣಿಸುತ್ತಿದ್ದಾಗ ಕಾರು ಡಿಕ್ಕಿಯಾಗಿ ಹಿಂಬದಿಯಲ್ಲಿದ್ದ 23 ವರ್ಷದ ಯುವಕನು ಮೃತನಾದ ಪ್ರಕರಣವದು. ಮೂವರು ಕುಳಿತಿದ್ದರು ಎಂಬ ಕಾರಣಕ್ಕೆ ಉಚ್ಚ ನ್ಯಾಯಾಲಯವು ಸಹ-ನಿರ್ಲಕ್ಷ್ಯದ ಬಾಬ್ತು ಶೇಕಡಾ 10ರಷ್ಟು ಕಡಿತ ಮಾಡಿತ್ತು. ಸರ್ವೋಚ್ಚ ನ್ಯಾಯಾಲಯವು ಆ ಕಡಿತವನ್ನು ರದ್ದುಪಡಿಸಿತು. ಕಾನೂನಿನ ಉಲ್ಲಂಘನೆ ಆಗಿದೆ ಎಂದ ಮಾತ್ರಕ್ಕೆ ಸಹ-ನಿರ್ಲಕ್ಷ್ಯವನ್ನು ಊಹಿಸಲು ಬರುವುದಿಲ್ಲ; ಆ ಉಲ್ಲಂಘನೆಗೂ ಅಪಘಾತಕ್ಕೂ ಕಾರ್ಯಕಾರಣ ಸಂಬಂಧವಿರಬೇಕು, ಇಲ್ಲವೇ ಆ ಉಲ್ಲಂಘನೆಗೂ ಅಪಘಾತವು ಗಾಯಾಳುವಿನ ಮೇಲೆ ಉಂಟುಮಾಡಿದ ಪರಿಣಾಮಕ್ಕೂ ಸಂಬಂಧವಿರಬೇಕು ಎಂಬುದು ಅಲ್ಲಿ ಸ್ಪಷ್ಟಪಡಿಸಲಾದ ತತ್ವ. ಅಂತಹ ಸಂಬಂಧವನ್ನು ತೋರಿಸುವ ಸಾಕ್ಷ್ಯವು ಆ ಪ್ರಕರಣದಲ್ಲಿ ಇರಲಿಲ್ಲ.

ಈ ತತ್ವದ ಎರಡನೆಯ ಭಾಗವನ್ನು ಗಮನವಿಟ್ಟು ಓದಬೇಕು. ಹೆಲ್ಮೆಟ್ ಇಲ್ಲದವನ ವಿರುದ್ಧ ವಿಮಾ ಸಂಸ್ಥೆಯು ವಾದ ಮಂಡಿಸಲು ಉಳಿದಿರುವ ಬಾಗಿಲು ಅದೊಂದೇ. ತಲೆಬುರುಡೆಯ ಮುರಿತ, ಮೆದುಳಿನಲ್ಲಿ ರಕ್ತಸ್ರಾವ, ಪ್ರಜ್ಞಾಹೀನತೆ, ನಂತರದ ಮೂರ್ಛೆ ರೋಗ ಅಥವಾ ನೆನಪಿನ ಶಕ್ತಿಯ ಕುಂದು ಮುಂತಾದವು ಹೆಲ್ಮೆಟ್ ಇದ್ದಿದ್ದರೆ ತಪ್ಪುತ್ತಿದ್ದವು ಅಥವಾ ಕಡಿಮೆಯಾಗುತ್ತಿದ್ದವು ಎಂದು ಸಾಕ್ಷ್ಯದಿಂದ ತೋರಿಸಿದಲ್ಲಿ ಕಡಿತಕ್ಕೆ ಅವಕಾಶವಿದೆ. ದೇಶದ ಕೆಲವು ಉಚ್ಚ ನ್ಯಾಯಾಲಯಗಳು ತಲೆಗೆ ಪೆಟ್ಟಾದ ಪ್ರಕರಣಗಳಲ್ಲಿ ಹೀಗೆ ಕಡಿತ ಮಾಡಿರುವುದೂ ಉಂಟು. ಇದಕ್ಕೆ ಶಾಸನದಲ್ಲಿ ನಿಗದಿಪಡಿಸಿದ ಶೇಕಡಾವಾರು ಇಲ್ಲ. ಪ್ರಕರಣದಿಂದ ಪ್ರಕರಣಕ್ಕೆ ಅದು ಬದಲಾಗುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2024ರಲ್ಲಿ ಒಂದು ಮೇಲ್ಮನವಿಯನ್ನು ತೀರ್ಮಾನಿಸುವಾಗ, ಹೆಲ್ಮೆಟ್ ಧರಿಸದಿರುವುದು ಕಾನೂನಿನ ಉಲ್ಲಂಘನೆಯಾದರೂ ಅದೊಂದನ್ನೇ ಮುಂದಿಟ್ಟುಕೊಂಡು ನ್ಯಾಯಯುತ ಪರಿಹಾರವನ್ನು ಮೊಟಕುಗೊಳಿಸಲು ಆಗದು ಎಂಬ ನಿಲುವನ್ನು ತಳೆದಿದೆ.

ಕಾಲಿನ ಮೂಳೆ ಮುರಿದ, ಬೆನ್ನುಹುರಿಗೆ ಪೆಟ್ಟಾದ, ಎದೆಗೂಡಿಗೆ ಅಥವಾ ಹೊಟ್ಟೆಗೆ ಗಾಯವಾದ ಪ್ರಕರಣಗಳಲ್ಲಿ ಹೆಲ್ಮೆಟ್ ವಿಷಯವನ್ನು ಎತ್ತುವುದರಲ್ಲಿ ಅರ್ಥವಿಲ್ಲ. ಹಾಗಿದ್ದರೂ ಅಂತಹ ಪ್ರಕರಣಗಳ ಆಕ್ಷೇಪಣಾ ಹೇಳಿಕೆಗಳಲ್ಲಿಯೂ ಈ ಸಾಲು ಅಚ್ಚು ಹಾಕಿದಂತೆ ಬರುವುದುಂಟು. ಅದನ್ನು ಕಂಡು ಅರ್ಜಿದಾರರು ಎದೆಗುಂದಬೇಕಾಗಿಲ್ಲ.

ರುಜುವಾತಿನ ಹೊಣೆ

ಸಹ-ನಿರ್ಲಕ್ಷ್ಯವಿದೆ ಎಂದು ಹೇಳುವವರೇ ಅದನ್ನು ರುಜುವಾತುಪಡಿಸತಕ್ಕದ್ದು. ಸಾಮಾನ್ಯವಾಗಿ ಆ ಹೊಣೆ ವಿಮಾ ಸಂಸ್ಥೆಯದು. ಸವಾರನು ಹೆಲ್ಮೆಟ್ ಧರಿಸಿರಲಿಲ್ಲ ಎಂದು ಪ್ರಥಮ ವರ್ತಮಾನ ವರದಿಯಲ್ಲಿ ಅಥವಾ ಸ್ಥಳ ಮಹಜರಿನಲ್ಲಿ ಒಂದು ಸಾಲು ಇದ್ದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಗಾಯವು ತಲೆಯ ಯಾವ ಭಾಗಕ್ಕೆ ಆಯಿತು, ಹೆಲ್ಮೆಟ್ ಆ ಭಾಗವನ್ನು ಮುಚ್ಚುತ್ತಿತ್ತೇ, ಪೆಟ್ಟಿನ ತೀವ್ರತೆ ಹೆಲ್ಮೆಟ್ ತಡೆಯುವ ಮಿತಿಯೊಳಗೆ ಇತ್ತೇ ಎಂಬುದಕ್ಕೆ ವೈದ್ಯರ ಸಾಕ್ಷ್ಯ ಬೇಕಾಗುತ್ತದೆ. ಭಾರೀ ವಾಹನದ ಚಕ್ರವೇ ಹರಿದ ಪ್ರಕರಣದಲ್ಲಿ ಹೆಲ್ಮೆಟ್ ಇದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ ಎಂಬ ವಾದಕ್ಕೆ ಸಹಜವಾಗಿಯೇ ಬಲವಿರುತ್ತದೆ.

ಗಾಯಾಳುವಿನ ಹೆಲ್ಮೆಟ್ ವಿಷಯವನ್ನು ಮುಂದಿಟ್ಟು ವಿಮಾ ಸಂಸ್ಥೆಯು ಸಂಪೂರ್ಣ ಹೊಣೆಯಿಂದ ಜಾರಿಕೊಳ್ಳಲು ಸಾಧ್ಯವಿಲ್ಲ. ವಿಮಾ ಸಂಸ್ಥೆಯು ಎತ್ತಬಹುದಾದ ಆಕ್ಷೇಪಣೆಗಳನ್ನು ಕಲಂ 150 ಪಟ್ಟಿ ಮಾಡಿದ್ದು, ಗಾಯಾಳುವಿನ ಹೆಲ್ಮೆಟ್ ಅದರಲ್ಲಿ ಇಲ್ಲ.

ಲೆಕ್ಕದ ಒಂದು ಉದಾಹರಣೆ

ಕಡಿತವೆಂದರೆ ಎಷ್ಟು ಎಂಬುದು ಅಂಕಿಗಳಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಕೆಳಗಿನ ವ್ಯಕ್ತಿ ಮತ್ತು ಮೊತ್ತಗಳು ಕಾಲ್ಪನಿಕ. ಲೆಕ್ಕದ ಕ್ರಮವು ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಿಂದ ಸ್ಥಾಪಿತವಾದುದು.

32 ವರ್ಷ ವಯಸ್ಸಿನ, ತಿಂಗಳಿಗೆ 15,000 ರೂಪಾಯಿ ದುಡಿಯುವ ಬಡಗಿಯೊಬ್ಬನಿಗೆ ಕಾರು ಡಿಕ್ಕಿಯಾಗಿ ತಲೆಗೆ ತೀವ್ರ ಗಾಯವಾಗಿದೆ. ಆತನ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 30ರಷ್ಟು ಶಾಶ್ವತ ನಷ್ಟವಾಗಿದೆ ಎಂದು ನ್ಯಾಯಮಂಡಳಿಯು ನಿರ್ಧರಿಸಿದೆ ಎಂದಿಟ್ಟುಕೊಳ್ಳೋಣ. 40 ವರ್ಷದೊಳಗಿನ ಸ್ವಯಂ ಉದ್ಯೋಗಿಗೆ ಭವಿಷ್ಯದ ಆದಾಯ ಹೆಚ್ಚಳದ ಬಾಬ್ತು ಶೇಕಡಾ 40 ಸೇರಿಸಿದರೆ ಮಾಸಿಕ ಆದಾಯ 21,000 ರೂಪಾಯಿ, ವಾರ್ಷಿಕ 2,52,000 ರೂಪಾಯಿ. 31ರಿಂದ 35 ವರ್ಷದವರಿಗೆ ಗುಣಕ 16. ಗುಣಿಸಿದರೆ 40,32,000 ರೂಪಾಯಿ. ಅದರ ಶೇಕಡಾ 30 ಎಂದರೆ 12,09,600 ರೂಪಾಯಿ. ಇದಕ್ಕೆ ಆಸ್ಪತ್ರೆ ವೆಚ್ಚ 2,75,000, ಚಿಕಿತ್ಸೆಯ ನಾಲ್ಕು ತಿಂಗಳ ಆದಾಯ ನಷ್ಟ 60,000, ನೋವು ಮತ್ತು ಯಾತನೆಗೆ 75,000, ಜೀವನದ ಸುಖಸೌಕರ್ಯಗಳ ನಷ್ಟಕ್ಕೆ 50,000, ಆಹಾರ, ಸಹಾಯಕರು ಮತ್ತು ಓಡಾಟದ ಖರ್ಚು 30,000 ಸೇರಿಸಿದರೆ ಒಟ್ಟು 16,99,600 ರೂಪಾಯಿ.

ಹೆಲ್ಮೆಟ್ ಇಲ್ಲದಿದ್ದುದಕ್ಕೆ ಶೇಕಡಾ 15 ಕಡಿತವಾಯಿತೆಂದರೆ 2,54,940 ರೂಪಾಯಿ ಕೈಬಿಟ್ಟು ಹೋಗುತ್ತದೆ. ಆಸ್ಪತ್ರೆಗೆ ತೆತ್ತ ಹಣದ ಸರಿಸುಮಾರು ಪೂರ್ತಿ ಮೊತ್ತ ಅದು. ಶೇಕಡಾ 10 ಆದರೂ 1,69,960 ರೂಪಾಯಿ.

ಈಗ ಅದೇ ಬಡಗಿಯ ಶೇಕಡಾ 30ರ ನಷ್ಟದಲ್ಲಿ ಶೇಕಡಾ 20 ಮುರಿದ ಕಾಲಿನಿಂದಲೂ, ಶೇಕಡಾ 10 ಮಾತ್ರ ತಲೆಯ ಗಾಯದಿಂದಲೂ ಆಗಿದೆ ಎಂದಿಟ್ಟುಕೊಳ್ಳಿ. ತಲೆಯ ಗಾಯದ ಪಾಲಿನ ಆದಾಯ ನಷ್ಟ 4,03,200 ರೂಪಾಯಿ. ಅದರ ಮೇಲೆ ಮಾತ್ರ ಶೇಕಡಾ 15 ಕಡಿತವೆಂದರೆ 60,480 ರೂಪಾಯಿ. ಚಿಕಿತ್ಸಾ ವೆಚ್ಚ ಮತ್ತಿತರ ಬಾಬ್ತುಗಳಲ್ಲಿಯೂ ತಲೆಗೆ ಸಂಬಂಧಿಸಿದ ಭಾಗಕ್ಕೆ ಸೀಮಿತವಾಗಿ ಇನ್ನಷ್ಟು. ಹೆಲ್ಮೆಟ್‌ಗೂ ಕಾಲಿಗೂ ಸಂಬಂಧವಿಲ್ಲದಿರುವಾಗ ಇಡೀ ಮೊತ್ತದ ಮೇಲೆ ಕಡಿತ ಮಾಡಬಾರದು ಎಂದು ವಾದಿಸಲು 2020ರ ತೀರ್ಪಿನ ತತ್ವವೇ ಆಧಾರ. ಆದರೆ ಈ ವಿಂಗಡಣೆಯನ್ನು ನ್ಯಾಯಮಂಡಳಿಯು ತಾನಾಗಿ ಮಾಡಲಾರದು. ವೈದ್ಯಕೀಯ ದಾಖಲೆಗಳಲ್ಲಿ ಯಾವ ಗಾಯಕ್ಕೆ ಯಾವ ಚಿಕಿತ್ಸೆ, ಯಾವ ಗಾಯದಿಂದ ಎಷ್ಟು ಅಂಗವೈಕಲ್ಯ ಎಂಬುದು ಬೇರೆಬೇರೆಯಾಗಿ ಕಾಣಬೇಕು. ಒಟ್ಟಾರೆ ಶೇಕಡಾ 30 ಎಂದು ಒಂದೇ ಅಂಕಿ ಬರೆದ ಪ್ರಮಾಣಪತ್ರದಿಂದ ಅರ್ಜಿದಾರನಿಗೇ ನಷ್ಟ.

ಕಾಪಾಡಿಕೊಳ್ಳಬೇಕಾದ ದಾಖಲೆಗಳು

ಗಾಯದ ಪ್ರಮಾಣಪತ್ರ, ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಸಾರಾಂಶ, ಸ್ಕ್ಯಾನಿಂಗ್ ಮತ್ತು ಎಕ್ಸ್-ರೇ ವರದಿಗಳು, ಔಷಧಿ ಬಿಲ್ಲುಗಳ ಮೂಲ ಪ್ರತಿಗಳು ಇವುಗಳನ್ನು ದಿನಾಂಕದ ಕ್ರಮದಲ್ಲಿ ಇಟ್ಟುಕೊಳ್ಳತಕ್ಕದ್ದು. ಬಿಲ್ಲಿಲ್ಲದ ವೆಚ್ಚವನ್ನು ರುಜುವಾತುಪಡಿಸುವುದು ಕಷ್ಟ. ಹೆಲ್ಮೆಟ್ ಧರಿಸಿದ್ದವರು ಒಡೆದ ಹೆಲ್ಮೆಟ್ಟನ್ನು ಎಸೆಯದೆ ಹಾಗೆಯೇ ಕಾಪಾಡಿ, ಅದರ ಛಾಯಾಚಿತ್ರವನ್ನೂ ತೆಗೆಸಿಡುವುದು ಒಳ್ಳೆಯದು. ಹೆಲ್ಮೆಟ್ ಇರಲಿಲ್ಲ ಎಂಬ ವಾದಕ್ಕೆ ಅದಕ್ಕಿಂತ ನೇರವಾದ ಉತ್ತರ ಬೇರೊಂದಿಲ್ಲ. ಅಪಘಾತದ ಸ್ಥಳದಲ್ಲಿ ಬಿದ್ದ ಹೆಲ್ಮೆಟ್ ಮಹಜರಿನಲ್ಲಿ ನಮೂದಾಗಿದೆಯೇ ಎಂಬುದನ್ನು ಗಾಯಾಳುವಿನ ಮನೆಯವರು ಆದಷ್ಟು ಬೇಗ ಪೊಲೀಸ್ ಠಾಣೆಯಲ್ಲಿ ವಿಚಾರಿಸಿಕೊಳ್ಳಬೇಕು.

ಹೆಲ್ಮೆಟ್ ಧರಿಸಿರದವರು ಧರಿಸಿದ್ದೆವೆಂದು ಸುಳ್ಳು ಹೇಳಿಕೆ ನೀಡಬಾರದು. ಪಾಟೀ ಸವಾಲಿನಲ್ಲಿ ಒಂದು ಸುಳ್ಳು ಬಯಲಾದರೆ ಆದಾಯ, ವಯಸ್ಸು, ಅಪಘಾತದ ರೀತಿ ಇತ್ಯಾದಿ ನಿಜವಾದ ಹೇಳಿಕೆಗಳ ಮೇಲೂ ಸಂಶಯ ಮೂಡುತ್ತದೆ. ಶೇಕಡಾ 10ರ ಕಡಿತವನ್ನು ತಪ್ಪಿಸಲು ಹೋಗಿ ಇಡೀ ಪ್ರಕರಣವನ್ನು ಅಪಾಯಕ್ಕೆ ಒಡ್ಡಿದಂತಾಗುತ್ತದೆ.

ಹೆಲ್ಮೆಟ್ ಪ್ರಶ್ನೆಯೇ ಏಳದ ಪರಿಹಾರಗಳು

ಕಲಂ 164ರ ಅಡಿಯಲ್ಲಿ ಯಾರ ತಪ್ಪು ಎಂಬುದನ್ನು ರುಜುವಾತುಪಡಿಸದೆಯೇ ಮರಣಕ್ಕೆ 5 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರವನ್ನು ಕೋರಬಹುದು. ತಪ್ಪಿನ ವಿಚಾರಣೆಯೇ ಇಲ್ಲದಿರುವುದರಿಂದ ಹೆಲ್ಮೆಟ್ ವಾದಕ್ಕೆ ಅಲ್ಲಿ ಎಡೆಯಿಲ್ಲ. ಮೊತ್ತ ಮಾತ್ರ ಸ್ಥಿರವಾದುದು. ಮೇಲಿನ ಬಡಗಿಯಂತಹವರಿಗೆ ಕಡಿತದ ನಂತರವೂ ಕಲಂ 166ರ ಅರ್ಜಿಯೇ ಲಾಭಕರ. ಡಿಕ್ಕಿ ಹೊಡೆದ ವಾಹನವು ಪತ್ತೆಯಾಗದಿದ್ದಲ್ಲಿ ಕಲಂ 161ರ ಯೋಜನೆಯಂತೆ, 2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ, ಮರಣಕ್ಕೆ 2 ಲಕ್ಷ ಮತ್ತು ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಗಿದೆ.

ಸವಾರನು ಬೇರೆ ವಾಹನದ ಸಂಬಂಧವಿಲ್ಲದೆ ತಾನೇ ಜಾರಿ ಬಿದ್ದ ಪ್ರಕರಣವು ಬೇರೆ. ಅಲ್ಲಿ ನಿರ್ಲಕ್ಷ್ಯಕ್ಕೆ ಹೊಣೆಗಾರನಾದ ಎದುರು ಪಕ್ಷವಿಲ್ಲದ ಕಾರಣ ಕಲಂ 166 ನೆರವಿಗೆ ಬರುವುದಿಲ್ಲ. ವಾಹನದ ವಿಮೆಯೊಂದಿಗೆ ಮಾಲೀಕ-ಚಾಲಕನಿಗೆ ಪಡೆಯುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೇ ಆಸರೆ. ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಪೂರ್ಣ ಮೊತ್ತ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣಿನ ನಷ್ಟಕ್ಕೆ ಅರ್ಧ ಮೊತ್ತ ಇದರಲ್ಲಿ ದೊರೆಯುತ್ತದೆ. ಮದ್ಯಪಾನ ಮಾಡಿ ಚಲಾಯಿಸಿದವರಿಗೂ, ಚಾಲ್ತಿಯಲ್ಲಿರುವ ಚಾಲನಾ ಪರವಾನಗಿ ಇಲ್ಲದವರಿಗೂ ಇದು ಅನ್ವಯಿಸುವುದಿಲ್ಲ. ಕಂತಿನ ಹಣ ಉಳಿಸಲೆಂದು ಈ ಭಾಗವನ್ನು ಕೈಬಿಡಿಸುವವರು ಮೇಲಿನ ಮೊತ್ತವನ್ನು ಒಮ್ಮೆ ನೋಡಿಕೊಳ್ಳುವುದು ಸೂಕ್ತ.

ಹಿಂಬದಿ ಸವಾರರು ಮತ್ತು ಮಕ್ಕಳು

ವಾಹನ ಚಲಾಯಿಸಿದವನ ತಪ್ಪನ್ನು ಹಿಂಬದಿ ಸವಾರನ ತಲೆಗೆ ಕಟ್ಟಲಾಗುವುದಿಲ್ಲ. ಎರಡೂ ವಾಹನಗಳ ಚಾಲಕರದೂ ತಪ್ಪಿದ್ದಲ್ಲಿ ಹಿಂಬದಿ ಸವಾರನು ಇಬ್ಬರಲ್ಲಿ ಯಾರಿಂದಲಾದರೂ ಪೂರ್ಣ ಪರಿಹಾರವನ್ನು ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಮಾನಿಸಿದೆ. ಆದರೆ ತಾನು ಹೆಲ್ಮೆಟ್ ಧರಿಸದಿದ್ದುದು ಹಿಂಬದಿ ಸವಾರನ ಸ್ವಂತ ಲೋಪವಾದ್ದರಿಂದ, ತಲೆಗೆ ಪೆಟ್ಟಾದಲ್ಲಿ ಮೇಲೆ ವಿವರಿಸಿದ ವಾದವನ್ನು ಅವನ ವಿರುದ್ಧವೂ ಎತ್ತಬಹುದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಮೃತಪಟ್ಟ 50,029 ಮಂದಿಯಲ್ಲಿ 14,337 ಮಂದಿ ಹಿಂಬದಿ ಸವಾರರು. ಪುಟ್ಟ ಮಕ್ಕಳ ವಿಷಯದಲ್ಲಿ ನಿರ್ಲಕ್ಷ್ಯವನ್ನು ಮಗುವಿಗೆ ಆರೋಪಿಸುವುದು ಸಾಮಾನ್ಯವಾಗಿ ಒಪ್ಪಿತವಲ್ಲ.

ಹೆಲ್ಮೆಟ್ ಪರಿಣಾಮದ ಕುರಿತು ನಡೆದ ಅಧ್ಯಯನಗಳ 2008ರ ಅಂತರರಾಷ್ಟ್ರೀಯ ಸಮಗ್ರ ಪರಿಶೀಲನೆಯು, ಅಪಘಾತಕ್ಕೀಡಾದ ಸವಾರರಲ್ಲಿ ಮರಣದ ಸಂಭವವು ಹೆಲ್ಮೆಟ್‌ನಿಂದ ಸುಮಾರು ಶೇಕಡಾ 42ರಷ್ಟೂ, ತಲೆಯ ಗಾಯದ ಸಂಭವವು ಸುಮಾರು ಶೇಕಡಾ 69ರಷ್ಟೂ ಕಡಿಮೆಯಾಗುತ್ತದೆಂದು ಅಂದಾಜಿಸಿದೆ. ಕಡಿತ ಕೋರುವವರು ಇಂತಹ ಅಂಕಿಗಳನ್ನು ಮುಂದಿಡಬಹುದು. ಇವು ಸಾವಿರಾರು ಸವಾರರ ಸರಾಸರಿಯೇ ಹೊರತು ಒಬ್ಬ ನಿರ್ದಿಷ್ಟ ಗಾಯಾಳುವಿನ ಗಾಯದ ಬಗ್ಗೆ ಏನನ್ನೂ ರುಜುವಾತುಪಡಿಸುವುದಿಲ್ಲ ಎಂಬುದನ್ನು ಅರ್ಜಿದಾರರ ಪರ ವಕೀಲರು ತೋರಿಸಿಕೊಡಬೇಕಾಗುತ್ತದೆ.

ಅರ್ಜಿ, ಕಾಲಮಿತಿ ಮತ್ತು ರಾಜಿ

ಅಪಘಾತ ನಡೆದ ಸ್ಥಳ, ಅರ್ಜಿದಾರನ ವಾಸ ಅಥವಾ ವ್ಯವಹಾರದ ಸ್ಥಳ, ಇಲ್ಲವೇ ಎದುರುದಾರನ ವಾಸಸ್ಥಳದ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಅರ್ಜಿ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಲಂ 166(3)ರಂತೆ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಈ ಮಿತಿಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ, ತಡವಾದ ಕಾರಣಕ್ಕೆ ಪರಿಹಾರ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿದೆ. ಆದಾಗ್ಯೂ ಅದನ್ನು ನಂಬಿ ಕಾಲಹರಣ ಮಾಡುವುದು ವಿವೇಕವಲ್ಲ. ಬಡ್ಡಿಯನ್ನು ಸಹ ಅರ್ಜಿ ಸಲ್ಲಿಸಿದ ದಿನಕ್ಕಿಂತ ಹಿಂದಿನಿಂದ ಕೊಡಲು ಬರುವುದಿಲ್ಲ.

ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನೂ, 90 ದಿನಗಳೊಳಗೆ ವಿವರವಾದ ಅಪಘಾತ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕೆಂದು 2022ರ ನಿಯಮಗಳು ವಿಧಿಸಿವೆ. ಈ ವರದಿಗಳ ಪ್ರತಿಗಳನ್ನು ಪಡೆದುಕೊಂಡು, ಹೆಲ್ಮೆಟ್ ಬಗ್ಗೆ ಏನು ಬರೆಯಲಾಗಿದೆ ಎಂಬುದನ್ನು ಓದಿ ನೋಡಬೇಕು. ನಮೂದು ತಪ್ಪಾಗಿದ್ದಲ್ಲಿ ಆಕ್ಷೇಪಣೆಯನ್ನು ಆಗಲೇ ಲಿಖಿತವಾಗಿ ಸಲ್ಲಿಸತಕ್ಕದ್ದು.

ವಿಮಾ ಸಂಸ್ಥೆಯು ರಾಜಿಗೆ ಮೊತ್ತವೊಂದನ್ನು ಸೂಚಿಸಿದಾಗ, ಹೆಲ್ಮೆಟ್ ಕಾರಣಕ್ಕೆ ಎಷ್ಟು ಕಡಿತ ಮಾಡಲಾಗಿದೆ, ಅದು ತಲೆಯ ಗಾಯದ ಭಾಗಕ್ಕೆ ಮಾತ್ರವೇ ಅಥವಾ ಇಡೀ ಮೊತ್ತಕ್ಕೇ ಎಂದು ಕೇಳಿ ತಿಳಿದುಕೊಳ್ಳುವ ಹಕ್ಕು ಅರ್ಜಿದಾರರಿಗಿದೆ. ಲೋಕ ಅದಾಲತ್‌ನಲ್ಲಿ ಒಪ್ಪಿಕೊಂಡ ರಾಜಿಯ ಮೇಲೆ ಮೇಲ್ಮನವಿ ಇರುವುದಿಲ್ಲವಾದ್ದರಿಂದ ಈ ಪ್ರಶ್ನೆಯನ್ನು ಸಹಿಗೆ ಮುಂಚೆಯೇ ಕೇಳಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರು ಆಯಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಸಲ್ಲಿಸಿ ಉಚಿತವಾಗಿ ವಕೀಲರ ಸೇವೆಯನ್ನು ಪಡೆಯಬಹುದಾಗಿದೆ. ಅರ್ಜಿಯೊಂದಿಗೆ ಪ್ರಥಮ ವರ್ತಮಾನ ವರದಿಯ ಮತ್ತು ಗಾಯದ ಪ್ರಮಾಣಪತ್ರದ ಪ್ರತಿಗಳನ್ನು ಕೊಂಡೊಯ್ಯತಕ್ಕದ್ದು.